ಇಳಿವಯಸ್ಸಿನಲ್ಲಿ ಮೊಣಕೈ ಮುರಿದರೆ: ಪ್ಲೇಟೋ, ಕೃತಕ ಕೀಲೋ, ಬರೀ ಕಟ್ಟೋ?

ಬಚ್ಚಲಲ್ಲಿ ಜಾರಿಯೋ, ಹೊಸ್ತಿಲು ಎಡವಿಯೋ, ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದೋ ವಯಸ್ಸಾದವರು ಮೊಣಕೈ ಮುರಿದುಕೊಂಡರೆ ಮನೆಯವರು ಎರಡು ಮೂರು ದಿನದೊಳಗೆ ಒಂದು ದೊಡ್ಡ ತೀರ್ಮಾನಕ್ಕೆ ಬರಬೇಕಾಗುತ್ತದೆ. ಒಬ್ಬ ಡಾಕ್ಟರು ಪ್ಲೇಟ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ಎಕ್ಸ್‌ರೇ ನೋಡಿ, ಮೂಳೆ ಪುಡಿಪುಡಿಯಾಗಿದೆ, ಕೀಲನ್ನೇ ಬದಲಿಸುವುದು ಒಳ್ಳೆಯದು ಎನ್ನುತ್ತಾರೆ. ಊರಿಂದ ಫೋನ್ ಮಾಡಿದ ನೆಂಟರು ಈ ವಯಸ್ಸಿಗೆ ಆಪರೇಷನ್ ಯಾಕೆ, ಕಟ್ಟು ಹಾಕಿಸಿದರೆ ಸಾಕು ಎನ್ನುತ್ತಾರೆ. ಮೂರು ಮಾತಿಗೂ ಆಧಾರವಿದೆ. ಯಾವುದು ಯಾರಿಗೆ ಹೊಂದುತ್ತದೆ ಎಂಬುದು ಮಾತ್ರ ಬೇರೆ.

ಆಪರೇಷನ್ ಆದ ಮೊಣಕೈಗಳಿಗೆ ವ್ಯಾಯಾಮ ಮಾಡಿಸುವುದು ನನ್ನ ವೃತ್ತಿ. ಹಾಗಾಗಿ ಮೊದಲ ತಿಂಗಳ ಕೈಗಳನ್ನೂ ನೋಡುತ್ತೇನೆ, ಎಷ್ಟೋ ವರ್ಷ ಹಳೆಯದಾದ ಕೀಲುಗಳನ್ನೂ ನೋಡುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. 70 ದಾಟಿದ, ಮೂಳೆ ಸವೆದ, ಮನೆಯೊಳಗಿನ ಹಗುರ ಕೆಲಸ ಮಾಡಿಕೊಂಡಿರುವವರ ಮೊಣಕೈ ಕೀಲಿನೊಳಗೇ ಚೂರಾಗಿದ್ದರೆ, ಕೃತಕ ಕೀಲು ಬಹುತೇಕ ಕೊನೆತನಕ ಸಾಥ್ ಕೊಡುತ್ತದೆ. 60ರ ಆಸುಪಾಸಿನ, ಇನ್ನೂ ಹೊಲ, ಕೊಟ್ಟಿಗೆ, ಅಂಗಡಿ ನಡೆಸುವವರಿಗೆ ಪ್ಲೇಟು ಸ್ವಲ್ಪ ಅರೆಬರೆ ಫಲ ಕೊಟ್ಟರೂ ಅದನ್ನೇ ಮೊದಲು ಪ್ರಯತ್ನಿಸಬೇಕು. ಪ್ಲೇಟ್ ಸೋತರೆ ಕೃತಕ ಕೀಲಿಗೆ ಹೋಗಬಹುದು. ಕೃತಕ ಕೀಲು ಸೋತರೆ ಹಿಂತಿರುಗಲು ಮೂಳೆಯೇ ಉಳಿದಿರುವುದಿಲ್ಲ.

ಯಾವ ಮುರಿತದ ಮಾತು ಇದು

ಮೊಣಕೈಯಲ್ಲಿ ಮೂರು ಮೂಳೆ ಸೇರುತ್ತವೆ. ಮೇಲಿನಿಂದ ತೋಳಿನ ಮೂಳೆ ಹ್ಯೂಮರಸ್, ಕೆಳಗಿನಿಂದ ಅಲ್ನಾ ಮತ್ತು ರೇಡಿಯಸ್. ಕೀಲು ಬದಲಿಸುವ ಪ್ರಶ್ನೆ ಮುಖ್ಯವಾಗಿ ಏಳುವುದು ಹ್ಯೂಮರಸ್‌ನ ಕೆಳತುದಿ ಒಡೆದಾಗ. ಆ ತುದಿ ಎರಡು ಕಂಬಗಳ ನಡುವೆ ರಾಟೆ ಕೂರಿಸಿದ ಹಾಗಿದೆ. ಎರಡೂ ಕಂಬ ಮುರಿದು ರಾಟೆಯೂ ಚೂರಾದರೆ ಅದನ್ನು ಜೋಡಿಸುವುದು ಮೂಳೆ ತಜ್ಞರಿಗೂ ಕಷ್ಟದ ಕೆಲಸ. ಮೇಜಿನ ಮೇಲೆ ಕೈ ಊರಿದಾಗ ತಾಗುವ ಹಿಂದಿನ ಗಂಟು ಮಾತ್ರ ಮುರಿದಿದ್ದರೆ ತಂತಿಯೋ ಪ್ಲೇಟೋ ಸಾಕು, ಅಲ್ಲಿ ಕೀಲು ಬದಲಿಯ ಪ್ರಶ್ನೆಯೇ ಬರುವುದಿಲ್ಲ. ರೇಡಿಯಸ್‌ನ ತಲೆ ಒಡೆದರೆ ಲೆಕ್ಕವೇ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಾಮಾನ್ಯ ಎಕ್ಸ್‌ರೇಯಲ್ಲಿ ಚೂರುಗಳು ಒಂದರ ಮೇಲೊಂದು ಬಿದ್ದು ಕಾಣುತ್ತವೆ. ಸಿಟಿ ಸ್ಕ್ಯಾನ್ ಮಾಡಿಸದೆ ಈ ತೀರ್ಮಾನಕ್ಕೆ ಕೂರಬೇಡಿ.

ಕೃತಕ ಮೊಣಕೈ ಒಳಗೆ ಏನಿದೆ

ಮುರಿದ ಚೂರುಗಳನ್ನು ತೆಗೆದುಹಾಕಿ, ಹ್ಯೂಮರಸ್‌ನ ಪೊಳ್ಳಿನೊಳಗೆ ಒಂದು ಲೋಹದ ಕಡ್ಡಿ, ಅಲ್ನಾದೊಳಗೆ ಇನ್ನೊಂದು ಕಡ್ಡಿ ಇಳಿಸಿ, ಮೂಳೆ ಸಿಮೆಂಟಿನಿಂದ ಭದ್ರ ಮಾಡುತ್ತಾರೆ. ನಡುವೆ ಲೋಹಕ್ಕೆ ಲೋಹ ಉಜ್ಜದಂತೆ ಪ್ಲಾಸ್ಟಿಕ್ ಬಳೆ, ಎಂದರೆ ಬುಷ್, ಇರುವ ಒಂದು ಕೀಲು. ಹಿಂದಿನ ಕಾಲದ ಗಟ್ಟಿ ಹಿಂಜ್‌ಗಳು ಬೇಗ ಸಡಿಲಾಗುತ್ತಿದ್ದವು, ಕೈ ತಿರುಗಿಸುವ ಬಲವೆಲ್ಲ ನೇರ ಸಿಮೆಂಟಿಗೆ ಹೋಗುತ್ತಿತ್ತು. ಈಗಿನದಕ್ಕೆ ಅಕ್ಕಪಕ್ಕ ಕೆಲವು ಡಿಗ್ರಿ ಆಟ ಬಿಟ್ಟಿರುತ್ತಾರೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಬೆಳೆದ ಕೂನ್ರಾಡ್-ಮೊರ್ರೆ ಕೀಲು ಇದರಲ್ಲಿ ಹೆಚ್ಚು ಹೆಸರಾದದ್ದು. ದೀರ್ಘಕಾಲದ ಅಂಕಿಅಂಶಗಳಲ್ಲಿ ಹೆಚ್ಚಿನವು ಅದರವೇ. ನಮ್ಮಲ್ಲಿ ಕೋಲ್ಕತ್ತಾದ ಡಾ. ಡಿ.ಪಿ. ಬಕ್ಸಿ ಅವರು ಇದೇ ಸಡಿಲ ಹಿಂಜ್ ತತ್ವದ ಮೊಣಕೈಯನ್ನು ರೂಪಿಸಿ ಭಾರತದ ರೋಗಿಗಳಿಗೆ ಹಾಕಿ, ಅದರ ಫಲಿತಾಂಶವನ್ನು ಅಂತರರಾಷ್ಟ್ರೀಯ ವೈದ್ಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ.

ಕೀಲಿನ ಎರಡೂ ಭಾಗ ಒಂದಕ್ಕೊಂದು ಜೋಡಣೆಯಾಗಿರುವುದರಿಂದ ಹೊಸ ಮುರಿತಕ್ಕೆ ಇದು ಸರಿಹೋಗುತ್ತದೆ. ಒಡೆದ ಚೂರುಗಳ ಜೊತೆ ಮೂಳೆಗಳನ್ನು ಬಿಗಿದು ಹಿಡಿಯುವ ಅಸ್ಥಿಬಂಧಗಳೂ ಹೋಗಿರುತ್ತವೆ. ಜೋಡಣೆ ಇಲ್ಲದ ಮಾದರಿ ಹಾಕಿದರೆ ಕೀಲು ಜಾರುತ್ತದೆ.

ಹತ್ತು ಹನ್ನೆರಡು ವರ್ಷದ ಮೇಲೆ ಏನಾಗಿದೆ

ಪ್ಲೇಟ್ ಮತ್ತು ಕೃತಕ ಕೀಲನ್ನು ನೇರ ಎದುರುಬದುರು ನಿಲ್ಲಿಸಿದ ಮುಖ್ಯ ಪರೀಕ್ಷೆ ಕೆನಡಾದ್ದು, 2009ರಲ್ಲಿ ಪ್ರಕಟವಾಯಿತು. 65 ದಾಟಿದ, ಕೀಲಿನೊಳಗೆ ಚೂರಾದ ಮುರಿತ ಇದ್ದ 42 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಅಲ್ಲಿ ನಡೆದ ಒಂದು ಸಂಗತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ: ಪ್ಲೇಟ್ ಎಂದು ನಿರ್ಧಾರವಾಗಿದ್ದವರಲ್ಲಿ 5 ಮಂದಿಗೆ ಆಪರೇಷನ್ ಟೇಬಲ್ ಮೇಲೆಯೇ ಮೂಳೆ ಸ್ಕ್ರೂ ಹಿಡಿಯದೆ ಕೃತಕ ಕೀಲು ಹಾಕಬೇಕಾಯಿತು. ಕೊನೆಗೆ ಪ್ಲೇಟಿನವರು 15, ಕೃತಕ ಕೀಲಿನವರು 25 ಉಳಿದರು. ಎರಡು ವರ್ಷದ ಹೊತ್ತಿಗೆ ನೋವು, ಮಡಚುವಿಕೆ, ದಿನಗೆಲಸ ಎಲ್ಲ ಸೇರಿಸಿ 100ಕ್ಕೆ ಕೊಡುವ ಅಂಕದಲ್ಲಿ ಕೃತಕ ಕೀಲಿನವರಿಗೆ 86, ಪ್ಲೇಟಿನವರಿಗೆ 73. ಮತ್ತೆ ಆಪರೇಷನ್ ಬೇಕಾದವರು ಕೀಲಿನವರಲ್ಲಿ 25ಕ್ಕೆ 3, ಪ್ಲೇಟಿನವರಲ್ಲಿ 15ಕ್ಕೆ 4. ಆದರೆ ರೋಗಿಗಳೇ ತಮ್ಮ ಕೈಯ ಬಗ್ಗೆ ತುಂಬಿದ ಪ್ರಶ್ನಾವಳಿಯಲ್ಲಿ ಕೃತಕ ಕೀಲಿನವರ ಮುನ್ನಡೆ ಮೊದಲ ಆರು ತಿಂಗಳಲ್ಲಿ ಎದ್ದು ಕಂಡಿತು, ಒಂದು ವರ್ಷದ ಹೊತ್ತಿಗೆ ಅಂತರ ಕಿರಿದಾಯಿತು. ಎಂದರೆ ಕೃತಕ ಕೀಲು ಬೇಗ ಕೈಗೆ ಬರುತ್ತದೆ. ಪ್ಲೇಟು ನಿಧಾನವಾಗಿ ಬರುತ್ತದೆ, ಬಂದರೆ.

ಇದೇ ರೋಗಿಗಳ ಬೆನ್ನು ಬಿಡದೆ ಸುಮಾರು ಹನ್ನೆರಡು ವರ್ಷ ನೋಡಿದ ವರದಿ 2019ರಲ್ಲಿ ಬಂತು. ಮೊದಲ ಎರಡು ವರ್ಷ ದಾಟಿದ ಮೇಲೆ ಕೃತಕ ಕೀಲನ್ನು ಬದಲಿಸಬೇಕಾಗಿ ಬಂದದ್ದು ತೀರಾ ಅಪರೂಪ. ಹೆಚ್ಚಿನವರು ಅದೇ ಕೀಲಿನಲ್ಲಿ ಕೆಲಸ ಮಾಡಿಕೊಂಡು ವಯೋಸಹಜವಾಗಿ ತೀರಿಕೊಂಡಿದ್ದರು. 70ರ ನಂತರದ ಬಹುಪಾಲು ಜನರಿಗೆ ಈ ಕೀಲು ಬದುಕಿರುವಷ್ಟು ಕಾಲಕ್ಕೆ ಸಾಕು ಎಂಬ ಧೈರ್ಯ ಬರುವುದು ಇದರಿಂದಲೇ.

ಇನ್ನೂ ಉದ್ದದ ಲೆಕ್ಕ ಮೇಯೋ ಕ್ಲಿನಿಕ್‌ನವರದು. ಮುರಿತಕ್ಕಾಗಿ ಕೃತಕ ಕೀಲು ಹಾಕಿಸಿಕೊಂಡು ಕನಿಷ್ಠ 10 ವರ್ಷದ ನಿಗಾ ಇದ್ದ 44 ಮೊಣಕೈಗಳ ವರದಿಯನ್ನು ಅವರು 2017ರಲ್ಲಿ ಪ್ರಕಟಿಸಿದರು. ನೋವು ಹತ್ತು ಅಂಕದ ಅಳತೆಯಲ್ಲಿ ಸರಾಸರಿ ಒಂದೂ ಇಲ್ಲ. ಕೈ ಸರಾಸರಿ 123 ಡಿಗ್ರಿ ಮಡಚುತ್ತಿತ್ತು, ಪೂರ್ತಿ ಚಾಚಲು 24 ಡಿಗ್ರಿ ಕಮ್ಮಿ ಬೀಳುತ್ತಿತ್ತು. ಊಟ, ಬಟ್ಟೆ, ತಲೆ ಬಾಚುವುದು ಇಷ್ಟಕ್ಕೆ 30ರಿಂದ 130 ಡಿಗ್ರಿಯೊಳಗಿನ ಚಲನೆ ಸಾಕು ಎಂದು 1981ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ಹಾಗೆ ನೋಡಿದರೆ ಇದು ಒಳ್ಳೆಯ ಫಲ. ಆದರೆ ಅದೇ ವರದಿಯ ಇನ್ನೊಂದು ಪುಟವನ್ನೂ ಓದಬೇಕು. 44ರಲ್ಲಿ 5 ಮೊಣಕೈಗಳಿಗೆ ಆಳದಲ್ಲಿ ಕೀವಾಗಿತ್ತು. 8 ಮೊಣಕೈಗಳಲ್ಲಿ ಕೀಲನ್ನು ಬದಲಿಸಬೇಕಾಯಿತು ಇಲ್ಲವೇ ತೆಗೆದೇಹಾಕಬೇಕಾಯಿತು: ಮೂರು ಸೋಂಕಿನಿಂದ, ಐದು ಅಲ್ನಾ ಕಡೆಯ ಭಾಗ ಸಡಿಲಾಗಿಯೋ ಕಡ್ಡಿ ಮುರಿದೋ.

ಸಂಧಿವಾತ ಇದ್ದವರ ಮತ್ತು ಇಲ್ಲದವರ ಲೆಕ್ಕವನ್ನು ಅವರು ಬೇರೆಬೇರೆ ಕೊಟ್ಟಿದ್ದಾರೆ. ರುಮಟಾಯ್ಡ್ ಸಂಧಿವಾತ ಇಲ್ಲದವರಲ್ಲಿ 10 ವರ್ಷಕ್ಕೆ 92 ಶೇಕಡಾ ಕೀಲುಗಳು ಉಳಿದಿದ್ದವು, 5 ವರ್ಷಕ್ಕೂ ಅಷ್ಟೇ ಇತ್ತು. ಸಂಧಿವಾತ ಇದ್ದವರಲ್ಲಿ 5 ವರ್ಷಕ್ಕೆ 85, 10 ವರ್ಷಕ್ಕೆ 76. ಸಂಧಿವಾತದವರು ಕೈಯನ್ನು ಕಡಿಮೆ ಬಳಸುವುದರಿಂದ ಕೀಲು ಹೆಚ್ಚು ಬಾಳುತ್ತದೆ ಎಂದು ನಾವೆಲ್ಲ ಎಣಿಸುತ್ತೇವೆ. ಮುರಿತದ ವಿಷಯದಲ್ಲಿ ಇಲ್ಲಿ ತಿರುಗುಮುರುಗಾಗಿದೆ. ಮೂಳೆ ತೆಳು, ಚರ್ಮ ತೆಳು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವ ದೇಹ ಎಂಬುದನ್ನು ಮನಸ್ಸಿನಲ್ಲಿಟ್ಟರೆ ಇದರಲ್ಲಿ ಆಶ್ಚರ್ಯವಿಲ್ಲ. ಮನೆಯಲ್ಲಿ ಅಂಥವರಿದ್ದರೆ ಸಂಧಿವಾತದ ಡಾಕ್ಟರನ್ನೂ ಮಾತಿಗೆ ಸೇರಿಸಿಕೊಳ್ಳಿ.

ಮಂಡಿ ಆಪರೇಷನ್ ಜೊತೆ ಹೋಲಿಸಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಪಕ್ಕದ ಮನೆಯವರ ಮಂಡಿ ಬದಲಿಸಿ ಹದಿನೈದು ವರ್ಷವಾದರೂ ಗಟ್ಟಿಮುಟ್ಟಾಗಿದೆ ಎಂಬ ಮಾತು ಮೊಣಕೈಗೆ ಅನ್ವಯಿಸುವುದಿಲ್ಲ. ಎಲ್ಲ ಕಾರಣಗಳ ಮೊಣಕೈ ಬದಲಿ ಸೇರಿಸಿದ ನಾರ್ವೆಯ ನೋಂದಣಿಯಲ್ಲಿ 10 ವರ್ಷಕ್ಕೆ ಉಳಿದದ್ದು 85 ಶೇಕಡಾ. ಮೊಣಕೈ ಹಿಂಭಾಗದಲ್ಲಿ ಮಾಂಸದ ಹೊದಿಕೆಯೇ ಇಲ್ಲ, ಚರ್ಮದ ಕೆಳಗೆ ನೇರ ಮೂಳೆ. ಸೋಂಕಿನ ಪ್ರಮಾಣ ಮಂಡಿಗಿಂತ ಹಲವು ಪಟ್ಟು ಹೆಚ್ಚಿರುವುದು ಅದಕ್ಕೇ. ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಈ ಅಪಾಯ ಇನ್ನೂ ಜಾಸ್ತಿ.

ಐದು ಕಿಲೋ ಎಂಬ ಗೆರೆ

ಕೃತಕ ಮೊಣಕೈಯ ನಿಜವಾದ ಬೆಲೆ ಆಸ್ಪತ್ರೆಯ ಬಿಲ್ಲಿನಲ್ಲಿ ಇರುವುದಿಲ್ಲ. ಆ ಕೈಯಲ್ಲಿ ಒಮ್ಮೆಗೆ 5 ಕಿಲೋಗಿಂತ, ಮತ್ತೆ ಮತ್ತೆ ಎತ್ತುವುದಾದರೆ 1 ಕಿಲೋಗಿಂತ ಹೆಚ್ಚು ಎತ್ತಬಾರದು ಎಂಬುದು ಸಾಮಾನ್ಯವಾಗಿ ಕೊಡುವ ಸೂಚನೆ. ಮೂರು ತಿಂಗಳಿಗಲ್ಲ, ಜೀವನಪೂರ್ತಿ. ಅಂಗೈಯಲ್ಲಿ ಹಿಡಿದ ತೂಕಕ್ಕೂ ಮೊಣಕೈಗೂ ನಡುವೆ ಒಂದಡಿಗೂ ಮಿಕ್ಕಿ ದೂರ. ಅದನ್ನು ಎತ್ತುವ ಸ್ನಾಯು ಹಿಡಿದುಕೊಂಡಿರುವುದು ಕೀಲಿನಿಂದ ಎರಡೇ ಅಂಗುಲದಲ್ಲಿ. ಹಾಗಾಗಿ ಕೈಯಲ್ಲಿ 5 ಕಿಲೋ ಇದ್ದರೆ ಕೀಲಿನ ಮೇಲೆ ಅದರ ಎಷ್ಟೋ ಪಟ್ಟು ಬೀಳುತ್ತದೆ. ಆ ಹೊರೆಯನ್ನು ತಾಳಬೇಕಾದದ್ದು ಒಂದು ಪ್ಲಾಸ್ಟಿಕ್ ಬುಷ್ ಮತ್ತು ಸಿಮೆಂಟಿನ ತೆಳು ಪದರ.

ಇದನ್ನು ಡಾಕ್ಟರು ಹೇಳುತ್ತಾರೆ, ಮನೆಯವರು ತಲೆಯಾಡಿಸುತ್ತಾರೆ. ನಾನು ಬೇರೆ ರೀತಿ ಕೇಳುತ್ತೇನೆ. "ಅಜ್ಜಿ, ಬೆಳಗ್ಗೆ ಎದ್ದ ಮೇಲೆ ಮೊದಲು ಏನು ಮಾಡ್ತೀರಿ?" ಉತ್ತರ ಬರುತ್ತಾ ಹೋಗುತ್ತದೆ: ಬಚ್ಚಲ ಒಲೆಗೆ ಉರಿ, ನಲ್ಲಿಯಿಂದ ಕೊಡ ತುಂಬುವುದು, ಹಾಲು ಕರೆಯುವುದು, ಮುದ್ದೆ ತಿರುವುವುದು, ತೆಂಗಿನಕಾಯಿ ತುರಿಯುವುದು, ಮೊಮ್ಮಗುವನ್ನು ಸೊಂಟಕ್ಕೆ ಎತ್ತಿಕೊಳ್ಳುವುದು. ಒಂದೊಂದನ್ನೂ ಐದು ಕಿಲೋ ಗೆರೆಯ ಪಕ್ಕ ಇಟ್ಟು ನೋಡಿ. ತುಂಬಿದ ಪ್ಲಾಸ್ಟಿಕ್ ಕೊಡ 15 ಕಿಲೋ ಹತ್ತಿರ. ಒಂದು ವರ್ಷದ ಕೂಸು 9, 10 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರ್ 30 ಕಿಲೋ ಆಸುಪಾಸು, ಅದನ್ನು ಉರುಳಿಸುವುದೂ ಬೇಡ. ಐದಾರು ಮಂದಿಗೆ ಮುದ್ದೆ ತಿರುವುವ ಕೋಲಿಗೆ ತೂಕ ಕಮ್ಮಿ, ಒತ್ತುವ ಬಲ ಮಾತ್ರ ಬಹಳ. ಚಪಾತಿ ಲಟ್ಟಿಸಬಹುದು, ಹೂ ಕಟ್ಟಬಹುದು, ತರಕಾರಿ ಹೆಚ್ಚಬಹುದು, ಜಡೆ ಹಾಕಿಕೊಳ್ಳಬಹುದು, ಬರೆಯಬಹುದು, ಫೋನ್ ಕಿವಿಗೆ ಹಿಡಿಯಬಹುದು.

ಇನ್ನೊಂದು ಪ್ರಶ್ನೆ ನಮ್ಮ ನಾಡಿನವರಿಗೆ ಬಹಳ ಮುಖ್ಯ: ನೆಲದಿಂದ ಏಳುವಾಗ ಯಾವ ಕೈ ಊರುತ್ತೀರಿ? ಕೆಳಗೆ ಕೂತು ಉಣ್ಣುವ, ಚಾಪೆ ಮೇಲೆ ಮಲಗುವ, ಇಂಡಿಯನ್ ಟಾಯ್ಲೆಟ್ ಬಳಸುವ ಮನೆಯಲ್ಲಿ ದಿನಕ್ಕೆ ಹತ್ತಾರು ಸಲ ಇಡೀ ಮೈಭಾರ ಒಂದು ಮೊಣಕೈ ಮೇಲೆ ಬೀಳುತ್ತದೆ. ವಿದೇಶದ ಕೈಪಿಡಿಗಳಲ್ಲಿ ಈ ಮಾತು ಹೆಚ್ಚು ಸಿಗುವುದಿಲ್ಲ. ಕೀಲು ಹಾಕಿಸುವುದು ಎಂದಾದರೆ ಮನೆಗೆ ಬರುವಷ್ಟರಲ್ಲಿ ಮಂಚ, ಕುರ್ಚಿ, ಕಮೋಡ್ ತಯಾರಿರಲಿ. ವಾಕರ್ ಅಥವಾ ಊರುಗೋಲು ಹಿಡಿದೇ ನಡೆಯುವವರಾದರೆ ಇದನ್ನು ಸರ್ಜನ್ ಮುಂದೆ ತೀರ್ಮಾನಕ್ಕೆ ಮೊದಲೇ ಹೇಳಿ, ಆಮೇಲಲ್ಲ.

ಪ್ಲೇಟ್ ಹಾಕಿಸಿದರೆ

ಪ್ಲೇಟಿನ ದೊಡ್ಡ ವರ ಇದು: ಮೂಳೆ ಕೂಡಿಕೊಂಡರೆ ಅದು ನಿಮ್ಮದೇ ಕೀಲು. ತೂಕದ ಗೆರೆ ಇಲ್ಲ, ಬುಷ್ ಸವೆಯುವ ಚಿಂತೆ ಇಲ್ಲ. ಎರಡು ಪ್ಲೇಟು ಹಾಕುತ್ತಾರೆ, ಒಂದೊಂದು ಕಂಬಕ್ಕೆ ಒಂದೊಂದು. ಕೀಲಿನ ಮೇಲ್ಮೈ ಕಾಣಲು ಹಲವು ಸರ್ಜನ್‌ಗಳು ಹಿಂದಿನ ಗಂಟನ್ನು ಕತ್ತರಿಸಿ ಎತ್ತಿ, ಕೊನೆಗೆ ತಂತಿಯಿಂದ ಮತ್ತೆ ಕೂರಿಸುತ್ತಾರೆ. ಆ ತಂತಿ ಆಮೇಲೆ ಚರ್ಮಕ್ಕೆ ಚುಚ್ಚಿ ತೆಗೆಸಬೇಕಾಗುವುದು ಮಾಮೂಲು.

ಸೋಲುವುದು ಎಲ್ಲಿ? ಸವೆದ ಮೂಳೆಯಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಹಿಡಿದ ಹಾಗೆ ಕಂಡರೂ ಮೂಳೆ ಕೂಡುವ ಮೊದಲೇ ಸಡಿಲವಾಗುತ್ತದೆ. ಆ ಭಯಕ್ಕೆ ಕೈಯನ್ನು ಆರು ವಾರ ಕಟ್ಟಿಟ್ಟರೆ ಮೊಣಕೈ ಬಿಗಿದು ಕೂತುಬಿಡುತ್ತದೆ. ಪ್ಲೇಟ್ ಹಾಕಿಸಿದ್ದಕ್ಕೆ ಅರ್ಥ ಬರಬೇಕಾದರೆ ಮೊದಲ ಎರಡು ವಾರದೊಳಗೆ ಮಡಚುವುದು, ಚಾಚುವುದು ಶುರುವಾಗಬೇಕು. ಅಷ್ಟು ಭದ್ರವಾಗಿ ಕೂತಿಲ್ಲ ಎಂದು ಸರ್ಜನ್‌ಗೆ ಅನ್ನಿಸಿದರೆ ಆ ಆಯ್ಕೆಯೇ ಪ್ರಶ್ನಾರ್ಹ. ಕಿರುಬೆರಳು, ಉಂಗುರಬೆರಳಿಗೆ ಹೋಗುವ ಅಲ್ನರ್ ನರ ಮೊಣಕೈ ಒಳಮಗ್ಗುಲಲ್ಲೇ ಹಾದುಹೋಗುವುದರಿಂದ ಪ್ಲೇಟ್, ಕೃತಕ ಕೀಲು ಎರಡರಲ್ಲೂ ಅದಕ್ಕೆ ತೊಂದರೆ ಆಗಬಹುದು. ಆಪರೇಷನ್‌ಗೆ ಮೊದಲೇ ಆ ಬೆರಳುಗಳಲ್ಲಿ ಜೋಮು ಇದೆಯೇ ಎಂದು ಬರೆಸಿಡಿ.

60ರ ಒಳಗಿನವರಿಗೆ ಪ್ಲೇಟ್ ಬಿಟ್ಟು ನೇರ ಕೃತಕ ಕೀಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಹಳೆಯ ಪೆಟ್ಟಿನಿಂದ ಕೀಲು ಸವೆದವರಿಗೆ ಹಾಕಿದ ಕೃತಕ ಮೊಣಕೈಗಳನ್ನು ಮೇಯೋದವರು 2010ರಲ್ಲಿ ಲೆಕ್ಕ ಹಾಕಿದಾಗ 15 ವರ್ಷಕ್ಕೆ ಉಳಿದದ್ದು 70 ಶೇಕಡಾ. ಸೋಲಿಗೂ ಒಂದು ಕ್ರಮ ಕಂಡಿತು: ಮೊದಲ ಐದು ವರ್ಷದಲ್ಲಿ ಸೋಂಕು, ಐದರಿಂದ ಹತ್ತರ ನಡುವೆ ಬುಷ್ ಸವೆತ, ಹತ್ತು ದಾಟಿದ ಮೇಲೆ ಕಡ್ಡಿ ಸಡಿಲಾಗುವುದು ಇಲ್ಲವೇ ಮುರಿಯುವುದು. 75 ವರ್ಷದವರಿಗೆ ಮೂರನೆಯ ಹಂತ ಬರುವುದೇ ಅಪರೂಪ. 50 ವರ್ಷದವರಿಗೆ ಮೂರೂ ಕಾದು ನಿಂತಿರುತ್ತವೆ, ಪ್ರತಿ ಮರು ಆಪರೇಷನ್‌ನಲ್ಲಿ ಮೂಳೆ ಇನ್ನಷ್ಟು ಕರಗಿರುತ್ತದೆ.

50ರಿಂದ 65ರ ನಡುವಿನ, ಪ್ಲೇಟಿಗೆ ಹಿಡಿಯದಷ್ಟು ಚೂರಾದ ಮುರಿತಕ್ಕೆ ಕೆಲವು ದೊಡ್ಡ ಕೇಂದ್ರಗಳಲ್ಲಿ ಅರ್ಧ ಕೀಲು ಬದಲಿ ಮಾಡುತ್ತಾರೆ. ಹ್ಯೂಮರಸ್ ಕಡೆ ಮಾತ್ರ ಲೋಹ, ಅಲ್ನಾ ರೇಡಿಯಸ್ ನಿಮ್ಮವೇ. ಬುಷ್ ಇಲ್ಲದ ಕಾರಣ ತೂಕದ ನಿರ್ಬಂಧ ಅಷ್ಟು ಬಿಗಿಯಲ್ಲ. ಲೋಹ ನಿಮ್ಮ ಸ್ವಂತ ಮೃದ್ವಸ್ಥಿಗೆ ಉಜ್ಜಿ ಅದನ್ನು ಸವೆಸುವುದು ಇದರ ತೊಡಕು. ಪೂರ್ಣ ಕೀಲಿಗೆ ಇರುವಷ್ಟು ಉದ್ದದ ಇತಿಹಾಸ ಇದಕ್ಕಿಲ್ಲ.

ಏನೂ ಮಾಡದೆ ಬಿಡುವುದೂ ಒಂದು ಆಯ್ಕೆ

ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಬಲಿತವರು, ಹೃದಯ ಅರಿವಳಿಕೆ ತಾಳದವರು, ಮೊದಲೇ ಪಾರ್ಶ್ವವಾಯುವಿನಿಂದ ಆ ಕೈ ಸೋತವರು: ಇವರಿಗೆ ಎರಡು ಮೂರು ವಾರ ಸ್ಲಿಂಗ್ ಹಾಕಿ, ನೋವು ತಗ್ಗಿದಂತೆ ಕೈ ಆಡಿಸಲು ಬಿಡುವುದು ಗೌರವದ ಚಿಕಿತ್ಸೆಯೇ. 1937ರಿಂದಲೂ ವೈದ್ಯ ಸಾಹಿತ್ಯದಲ್ಲಿ ಇದರ ವಿವರ ಇದೆ. ಮೂಳೆ ಎಷ್ಟೋ ಸಲ ಕೂಡುವುದಿಲ್ಲ, ಎಕ್ಸ್‌ರೇ ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೂ ಕೈ ಬಾಯಿಗೆ ಹೋಗುತ್ತದೆ, ನೋವು ಸಹಿಸುವಷ್ಟಿರುತ್ತದೆ. ಬಲ ಇರುವುದಿಲ್ಲ.

ಹೀಗೆ ಬಿಟ್ಟು ನೋಡಿ, ಆಮೇಲೆ ತಾಳಲಾಗದಿದ್ದರೆ ಕೀಲು ಹಾಕಿಸಬಹುದೇ? ಹಾಕಿಸಬಹುದು. ಬ್ರಿಟನ್ನಿನಲ್ಲಿ 32 ರೋಗಿಗಳ ಮೇಲೆ 2008ರಲ್ಲಿ ಬಂದ ಹೋಲಿಕೆಯಲ್ಲಿ, ಮುರಿದ ಕೂಡಲೇ ಹಾಕಿದವರಿಗೂ, ಪ್ಲೇಟ್ ಅಥವಾ ಕಟ್ಟು ಸೋತ ಮೇಲೆ ಹಾಕಿದವರಿಗೂ ಕೈಯ ಕೆಲಸದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಏಳು ವರ್ಷ ದಾಟಿದಾಗ ಉಳಿದ ಕೀಲುಗಳು ಮಾತ್ರ ಮೊದಲಿನವರಲ್ಲಿ 93 ಶೇಕಡಾ, ತಡವಾದವರಲ್ಲಿ 76. ಇಷ್ಟು ಸಣ್ಣ ಗುಂಪಿನ ಸಂಖ್ಯೆಯನ್ನು ಕಲ್ಲಿನ ಮೇಲಿನ ಅಕ್ಷರ ಎಂದು ನೋಡಬಾರದು. ಆದರೂ ಹೃದಯವೋ ಸಕ್ಕರೆಯೋ ಹತೋಟಿಗೆ ಬರುವ ತನಕ ಕಾಯುವುದರಿಂದ ಎಲ್ಲ ಬಾಗಿಲೂ ಮುಚ್ಚುವುದಿಲ್ಲ ಎಂಬುದು ಮನೆಯವರಿಗೆ ದೊಡ್ಡ ಸಮಾಧಾನ.

ಕಟ್ಟು ಎಂದ ಕೂಡಲೇ ನಾಟಿ ಕಟ್ಟು ನೆನಪಿಗೆ ಬರುವ ಊರುಗಳು ನಮ್ಮವು. ಒಂದೇ ಮಾತು ಕೈಮುಗಿದು ಕೇಳುತ್ತೇನೆ: ಮುರಿದ ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಬಲವಂತವಾಗಿ ಎಳೆದು ಮಡಚಿಸಬೇಡಿ. ಪೆಟ್ಟಾದ ಮೊಣಕೈ ಸುತ್ತಲಿನ ಸ್ನಾಯುವಿನಲ್ಲಿ ಹೊಸ ಮೂಳೆ ಬೆಳೆಯುವ ಸ್ವಭಾವ ಹೆಚ್ಚು. ಮಸಾಜು, ಎಳೆತ ಅದನ್ನು ಕೆರಳಿಸುತ್ತವೆ. ಆ ಮೂಳೆ ಬಲಿತರೆ ಕೀಲು ಒಂದೇ ಕೋನದಲ್ಲಿ ಬೀಗ ಹಾಕಿದಂತೆ ನಿಲ್ಲುತ್ತದೆ, ಆಮೇಲೆ ಯಾವ ಆಪರೇಷನ್ ಮಾಡಿದರೂ ಮೊದಲಿನ ಫಲ ಸಿಗದು. ಈ ಎಚ್ಚರಿಕೆ ನಮ್ಮ ವೃತ್ತಿಯವರಿಗೂ ಅನ್ವಯ: ರೋಗಿ ತಾನೇ ಆಡಿಸಬೇಕು, ನಾವು ಎಳೆಯಬಾರದು.

ರೇಡಿಯಸ್ ತಲೆ ಮಾತ್ರ ಒಡೆದಿದ್ದರೆ

ಅಂಗೈ ಮೇಲೆ ಮಾಡಿ ಕೆಳಗೆ ಮಾಡುವಾಗ ಮೊಣಕೈ ಹೊರಮಗ್ಗುಲಲ್ಲಿ ತಿರುಗುವ ಗುಂಡನೆಯ ಮೂಳೆಯೇ ರೇಡಿಯಸ್ ತಲೆ. ಇದು ಪ್ರಾಯದವರಲ್ಲೂ ಒಡೆಯುತ್ತದೆ, ಬೈಕಿನಿಂದ ಬಿದ್ದು ಕೈ ಊರಿದಾಗ. ಎರಡು ಮೂರು ತುಂಡಾದರೆ ಸಣ್ಣ ಸ್ಕ್ರೂಗಳಿಂದ ಜೋಡಿಸುತ್ತಾರೆ. ಮೂರಕ್ಕಿಂತ ಹೆಚ್ಚು ಚೂರಾದರೆ ಜೋಡಿಸುವ ಹಟ ಬೇಡ ಎಂಬುದಕ್ಕೆ 2002ರ ಅಮೆರಿಕದ ಅಧ್ಯಯನ ಬಲವಾದ ಸಾಕ್ಷಿ: ಹಾಗೆ ಜೋಡಿಸಿದ 14 ಮಂದಿಯಲ್ಲಿ 13 ಮಂದಿಗೆ ತೃಪ್ತಿಕರ ಫಲ ಸಿಗಲಿಲ್ಲ. ಅಲ್ಲಿ ಲೋಹದ ತಲೆ ಹಾಕುವುದೇ ಮೇಲು.

ಇದರ ದೀರ್ಘಕಾಲದ ಫಲ ಪೂರ್ಣ ಮೊಣಕೈಗಿಂತ ನೆಮ್ಮದಿಯದ್ದು. ಹಿಂದೆ ಹಾಕುತ್ತಿದ್ದ ಸಿಲಿಕಾನ್ ತಲೆಗಳು ಒಡೆದು, ಪುಡಿ ಉದುರಿ ಕೀಲು ಊದಿಸುತ್ತಿದ್ದವು, ಅದನ್ನು ಕೈಬಿಟ್ಟಾಗಿದೆ. ಲೋಹದ ತಲೆ ಹಾಕಿಸಿಕೊಂಡ 20 ಮಂದಿಯನ್ನು ಸರಾಸರಿ 12 ವರ್ಷ ನೋಡಿದ 2001ರ ವರದಿಯಲ್ಲಿ 16 ಮಂದಿಗೆ ಉತ್ತಮ ಫಲ ಸಿಕ್ಕಿತ್ತು. ಕೆನಡಾದ 55 ಮಂದಿಯ 2016ರ ವರದಿಯಲ್ಲಿ ಸರಾಸರಿ 8 ವರ್ಷದ ಮೇಲೂ ಚೆನ್ನಾಗಿಯೇ ಇತ್ತು. ನಯವಾದ ಕಡ್ಡಿಯ ಮಾದರಿಯಲ್ಲಿ ಎಕ್ಸ್‌ರೇಯಲ್ಲಿ ಕಡ್ಡಿ ಸುತ್ತ ಕಪ್ಪು ಗೆರೆ ಕಂಡರೆ ಗಾಬರಿಯಾಗಬೇಡಿ, ಅದನ್ನು ಸ್ವಲ್ಪ ಸಡಿಲವಾಗಿ ಆಡಲೆಂದೇ ಮಾಡಿರುತ್ತಾರೆ. ನೋವಿದ್ದರೆ ಮಾತ್ರ ತನಿಖೆ ಬೇಕು. ತಲೆಯ ಅಳತೆ ಒಂದೆರಡು ಮಿಲಿಮೀಟರ್ ದೊಡ್ಡದಾದರೂ ಎದುರಿನ ಮೂಳೆ ಸವೆಯುತ್ತದೆ, ಹಾಗಾಗಿ ತೆಗೆದ ಚೂರುಗಳನ್ನೆಲ್ಲ ಟೇಬಲ್ ಮೇಲೆ ಜೋಡಿಸಿ ಅಳೆದು ಹಾಕುತ್ತಾರೆ.

ತಲೆಯನ್ನು ತೆಗೆದು ಏನೂ ಹಾಕದೆ ಬಿಡುವ ಹಳೆಯ ಪದ್ಧತಿ ಪೂರ್ತಿ ಕೆಟ್ಟದ್ದೇನಲ್ಲ. ಬೇರೆಲ್ಲ ಅಸ್ಥಿಬಂಧ ಗಟ್ಟಿ ಇದ್ದವರಲ್ಲಿ ಹತ್ತಾರು ವರ್ಷ ಚೆನ್ನಾಗಿ ನಡೆದದ್ದಿದೆ. ಆದರೆ ಮೊಣಕೈ ಜಾರಿದ್ದರೆ, ಇಲ್ಲವೇ ಮಣಿಕಟ್ಟಿನ ಬಳಿಯೂ ನೋವಿದ್ದರೆ ತೆಗೆದು ಬಿಡಲೇಬಾರದು. ರೇಡಿಯಸ್ ಮೇಲಕ್ಕೆ ಸರಿದು ಮಣಿಕಟ್ಟು ಕೆಡುತ್ತದೆ. ಡಾಕ್ಟರು ಮಣಿಕಟ್ಟನ್ನು ಮುಟ್ಟಿ ನೋಡಿದರೇ ಎಂದು ಗಮನಿಸಿ.

ಸರ್ಜನ್ ಮುಂದೆ ಕೂತಾಗ

ಮೊಣಕೈ ಬದಲಿ ಅಪರೂಪದ ಆಪರೇಷನ್. ಮಂಡಿ ಬದಲಿ ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ ನಡೆಯುವ ಬ್ರಿಟನ್ನಿನಲ್ಲೇ ಇದು ನೂರರ ಲೆಕ್ಕದಲ್ಲಿದೆ. ಹಾಗಾಗಿ "ಡಾಕ್ಟ್ರೇ, ನೀವು ಎಷ್ಟು ಮೊಣಕೈ ಹಾಕಿದ್ದೀರಿ?" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಸರ್ಜನ್ ಬೇಸರಿಸುವುದಿಲ್ಲ, ಬೇಕಾದರೆ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಚೀಟಿ ಬರೆದುಕೊಡುತ್ತಾರೆ. ಚರ್ಮ ಹರಿದು ಮೂಳೆ ಹೊರಬಂದಿಲ್ಲ, ಕೈಗೆ ರಕ್ತ ಹರಿಯುತ್ತಿದೆ ಎಂದಾದರೆ ಕೆಲವು ದಿನ ಕಾಯುವುದರಿಂದ ನಷ್ಟವಿಲ್ಲ.

ಪ್ಲೇಟ್ ಎಂದು ನಿರ್ಧಾರವಾದರೂ, ಒಳಗೆ ತೆರೆದು ನೋಡಿದಾಗ ಸ್ಕ್ರೂ ಹಿಡಿಯದಿದ್ದರೆ ಏನು ಮಾಡುತ್ತೀರಿ, ಕೃತಕ ಕೀಲು ಥಿಯೇಟರಿನಲ್ಲಿ ಸಿದ್ಧವಿರುತ್ತದೆಯೇ ಎಂದು ಕೇಳಿ. ಕೆನಡಾದ ಆ 5 ಮಂದಿಯನ್ನು ನೆನೆಯಿರಿ. ಕೀಲಿಗೆ ಬದಲಾಗುವ ಸಾಧ್ಯತೆ ಇದ್ದರೆ ಹಿಂದಿನ ಗಂಟನ್ನು ಕತ್ತರಿಸದ ದಾರಿ ಹಿಡಿಯಬೇಕು, ಏಕೆಂದರೆ ಅಲ್ನಾದ ಕಡ್ಡಿ ಕೂರಬೇಕಾದದ್ದು ಅದೇ ಮೂಳೆಯಲ್ಲಿ. ಕೈ ಚಾಚುವ ಹಿಂಬದಿಯ ಟ್ರೈಸೆಪ್ಸ್ ಸ್ನಾಯುವನ್ನು ಬಿಡಿಸದೆ ಮಾಡುತ್ತಾರೆಯೇ ಎಂಬುದೂ ಮುಖ್ಯ. ಬಿಡಿಸಿ ಹೊಲಿದರೆ ಆರು ವಾರ ಆ ಕೈಯಿಂದ ಏನನ್ನೂ ತಳ್ಳುವಂತಿಲ್ಲ, ಕೆಲವರಿಗೆ ತಲೆ ಮೇಲಿನ ಕಪಾಟಿಗೆ ಕೈ ಚಾಚುವ ಬಲ ಮರಳುವುದೇ ಇಲ್ಲ.

ಖರ್ಚಿನಲ್ಲಿ ದೊಡ್ಡ ಪಾಲು ಕೀಲಿನದೇ. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು, ಖಾಸಗಿ ವಿಮೆ ಇದ್ದರೆ ಅವರ ಕೌಂಟರನ್ನು ಕೇಳುವಾಗ, ಕೀಲಿನ ಬೆಲೆ ಸೇರಿದೆಯೇ ಎಂದು ಪ್ರತ್ಯೇಕವಾಗಿ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಹಾಕಿದ ಕೀಲಿನ ಕಂಪನಿ, ಮಾದರಿ, ಅಳತೆ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಸಿಕೊಳ್ಳಿ. ಹತ್ತು ವರ್ಷದ ಮೇಲೆ ಬುಷ್ ಮಾತ್ರ ಬದಲಿಸಬೇಕಾಗಿ ಬಂದಾಗ ಆ ಸ್ಟಿಕ್ಕರ್ ಇಲ್ಲದೆ ಯಾವ ಭಾಗ ತರಿಸಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕೀಲು ಹಾಕಿಸಿದ ಮೇಲೆ ನೋವಿಲ್ಲವೆಂದು ತಪಾಸಣೆ ಬಿಡಬೇಡಿ. ಬುಷ್ ಸವೆಯುವುದು, ಸಿಮೆಂಟಿನ ಸುತ್ತ ಮೂಳೆ ಕರಗುವುದು ಮೊದಮೊದಲು ನೋಯುವುದಿಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಎಕ್ಸ್‌ರೇ ತೆಗೆಸಿ ಹಳೆಯದರ ಪಕ್ಕ ಇಟ್ಟು ನೋಡಬೇಕು, ಹಳೆಯ ಫಿಲ್ಮ್‌ಗಳನ್ನು ಮನೆಯಲ್ಲೇ ಜೋಪಾನವಾಗಿಡಿ. ಕೈ ಆಡಿಸುವಾಗ ಹೊಸದಾಗಿ ಕಿರ್ ಎಂಬ ಸದ್ದು, ಅಕ್ಕಪಕ್ಕ ಹೆಚ್ಚಾದ ಅಲುಗಾಟ ಕಂಡರೆ ಆ ವಾರವೇ ತೋರಿಸಿ. ಗಾಯದ ಜಾಗ ಕೆಂಪಾಗಿ ಬಿಸಿಯಾದರೆ, ಒಂದು ಹನಿ ನೀರು ಜಿನುಗಿದರೂ, ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಮಾತ್ರೆ ಬರೆಸಿಕೊಂಡು ನುಂಗಬೇಡಿ. ಅದು ಸೋಂಕನ್ನು ಮುಚ್ಚಿಡುತ್ತದೆ, ಕೀಲಿನ ನೀರು ತೆಗೆದು ಪರೀಕ್ಷಿಸಿದಾಗ ಯಾವ ಕ್ರಿಮಿ ಎಂದು ತಿಳಿಯದೆ ಹೋಗುತ್ತದೆ. ಮಾತ್ರೆ ಮುಟ್ಟುವ ಮೊದಲು, ಅದೇ ದಿನ, ಕೀಲು ಹಾಕಿದ ಆಸ್ಪತ್ರೆಗೇ ಹೋಗಿ.